ಕಿವಿಯಲ್ಲಿ ಗೆಳತಿ, ಕಾಲಡಿ ದಾರಿ: 2020ರ ಜೂನ್‌ನ 21 ದಿನಗಳ ಕತೆ

ಜೂನ್ 2020. ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಕಪ್ಪು ಹೆಂಗಸರು ಶೂ ಕಟ್ಟಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯಿಂದ ಹೊರಟರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಕೊರೋನಾ ಕಾಲ, ಗುಂಪು ಕಟ್ಟುವ ಹಾಗಿರಲಿಲ್ಲ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಫೋನ್ ಕರೆಯಲ್ಲಿದ್ದರು. ಆ ಕಡೆಯಿಂದ ಇಬ್ಬರು ಗೆಳತಿಯರು ಮಾತಾಡುತ್ತಿದ್ದರು. ದಿನಕ್ಕೊಬ್ಬ ಹಿರಿಯಳ ಕತೆ. ನಡೆಯುವವರು ಕೇಳುತ್ತಿದ್ದರು, ಅಷ್ಟೇ.

ಹೀಗೆ 21 ದಿನ.

ಇದನ್ನು ನಡೆಸಿದ್ದು ಗರ್ಲ್‌ಟ್ರೆಕ್ ಅನ್ನುವ ಸಂಸ್ಥೆ. ಕಾರ್ಯಕ್ರಮದ ಹೆಸರು ಬ್ಲ್ಯಾಕ್ ಹಿಸ್ಟರಿ ಬೂಟ್‌ಕ್ಯಾಂಪ್. ಹೆಸರು ಕೇಳಿದರೆ ಸೇನೆಯ ತರಬೇತಿ ಅನ್ನಿಸುತ್ತದೆ. ಒಳಗೆ ಇದ್ದದ್ದು ಮಾತ್ರ ವಾಕಿಂಗ್ ಮತ್ತು ಮಾತುಕತೆ. ಇಷ್ಟು ಸುಮ್ನೆ ಕಾಣುವ ಒಂದು ಕೆಲಸವನ್ನು ಅವರು ಪ್ರತಿರೋಧ ಅಂತ ಕರೆದರು. ಮೊದಲು ಕೇಳಿದಾಗ ನನಗೆ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತ್ತು. ವಾಕಿಂಗ್ ಹೋಗುವುದೂ ಒಂದು ಹೋರಾಟವಾ? ಆಮೇಲೆ ಒಂದೊಂದೇ ಎಳೆ ಹಿಡಿದು ನೋಡುತ್ತಾ ಹೋದೆ. ಆ ಎಳೆಗಳನ್ನೇ ಇಲ್ಲಿ ಬಿಡಿಸಿಡುತ್ತೇನೆ.

ಇಬ್ಬರು ಶುರುಮಾಡಿದ್ದು

ಟಿ. ಮಾರ್ಗನ್ ಡಿಕ್ಸನ್ ಮತ್ತು ವನೆಸ್ಸಾ ಗ್ಯಾರಿಸನ್ ಗೆಳತಿಯರು. 2010ರ ಸುಮಾರಿಗೆ ತಮ್ಮ ಬಂಧುಗಳಿಗೆ, ಗೆಳತಿಯರಿಗೆ ಒಂದು ಸಣ್ಣ ಸವಾಲು ಹಾಕಿದರು: ಕೆಲವು ವಾರ ದಿನಾ ನಡೆಯೋಣ, ಬರ್ತೀರಾ? ಅದು ಬೆಳೆಯುತ್ತಾ ಹೋಗಿ 2012ರ ಹೊತ್ತಿಗೆ ಸಂಸ್ಥೆಯಾಯಿತು. ನಿಯಮ ಒಂದೇ. ದಿನಕ್ಕೆ 30 ನಿಮಿಷ ನಡೆಯಬೇಕು, ವಾರಕ್ಕೆ ಐದು ದಿನ. ಲೆಕ್ಕ ಹಾಕಿದರೆ 150 ನಿಮಿಷ. ವೈದ್ಯರು ಹೃದಯಕ್ಕೆ ಬೇಕು ಅಂತ ಹೇಳುವುದೂ ಸರಿಸುಮಾರು ಅಷ್ಟೇ. ಜಿಮ್ ಬೇಡ, ದುಡ್ಡು ಬೇಡ, ತರಬೇತುದಾರ ಬೇಡ. ಮನೆ ಬಾಗಿಲಿನಿಂದಲೇ ಶುರು.

2017ರಲ್ಲಿ ಇಬ್ಬರೂ ಟೆಡ್ ಅನ್ನುವ ಭಾಷಣ ವೇದಿಕೆಯಲ್ಲಿ ನಿಂತು ಒಂದು ಸಂಖ್ಯೆ ಮುಂದಿಟ್ಟರು. ಅಮೆರಿಕದಲ್ಲಿ ದಿನಕ್ಕೆ 137 ಕಪ್ಪು ಹೆಂಗಸರು ಹೃದಯದ ಕಾಯಿಲೆಯಿಂದ ಸಾಯುತ್ತಾರೆ ಅಂದರು. ಹನ್ನೊಂದು ನಿಮಿಷಕ್ಕೊಬ್ಬರು. ಅದರಲ್ಲೂ ತಡೆಯಬಹುದಾದ ಸಾವುಗಳು. ಬಂದೂಕಿಗೆ ಸತ್ತರೆ ಸುದ್ದಿಯಾಗುತ್ತದೆ. ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರೆ ಅದು ಆ ಮನೆಯ ದುಃಖ ಮಾತ್ರ. ಹೀಗೆ ಮನೆಮನೆಯ ದುಃಖವಾಗಿ ಚದುರಿದ್ದನ್ನು ಅವರು ಒಟ್ಟುಗೂಡಿಸಿ ತೋರಿಸಿದರು. 2020ರ ಹೊತ್ತಿಗೆ ಹತ್ತು ಲಕ್ಷ ಹೆಂಗಸರನ್ನು ನಡೆಸಬೇಕು ಅನ್ನುವ ಗುರಿಯನ್ನೂ ಇಟ್ಟುಕೊಂಡರು.

ಆ 2020 ಬಂದದ್ದು ಹೇಗೆ ಅಂತ ನಮಗೆಲ್ಲ ಗೊತ್ತಲ್ಲ.

ಆ ವರ್ಷದ ಮೈ

ಏಪ್ರಿಲ್ 2020ರ ಮೊದಲ ವಾರ ಶಿಕಾಗೊ ನಗರದ ಲೆಕ್ಕ ಹೊರಬಿತ್ತು. ಊರಿನ ಜನರಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 30. ಕೊರೋನಾದಿಂದ ಸತ್ತವರಲ್ಲಿ ನೂರಕ್ಕೆ ಸುಮಾರು 70. ಬೇರೆ ಊರುಗಳಿಂದಲೂ ಇಂಥ ಲೆಕ್ಕಗಳೇ ಬರತೊಡಗಿದವು. ಆ ಒಂದೇ ವರ್ಷದಲ್ಲಿ ಕಪ್ಪು ಅಮೆರಿಕನ್ನರ ಸರಾಸರಿ ಆಯಸ್ಸು ಸುಮಾರು ಮೂರು ವರ್ಷ ಕುಸಿಯಿತು. ಬಿಳಿಯರದು ಕುಸಿದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಲಾಕ್‌ಡೌನ್ ಅಂದರೂ ಕೆಲವರು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ವೃದ್ಧಾಶ್ರಮದಲ್ಲಿ ಮುದುಕರ ಮೈ ಒರೆಸುವವರು, ಆಸ್ಪತ್ರೆಯ ವಾರ್ಡ್ ತೊಳೆಯುವವರು, ದಿನಸಿ ಅಂಗಡಿಯ ಕ್ಯಾಶ್ ಕೌಂಟರ್‌ನಲ್ಲಿ ನಿಲ್ಲುವವರು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರು. ಈ ಕೆಲಸಗಳಲ್ಲಿ ಕಪ್ಪು ಹೆಂಗಸರ ಪಾಲು ದೊಡ್ಡದು. ಬಸ್ಸು ಹಿಡಿದು ಹೋಗಬೇಕು, ವಾಪಸ್ ಬಂದು ಮನೆಯಲ್ಲಿ ಅಮ್ಮನನ್ನೋ ಮೊಮ್ಮಕ್ಕಳನ್ನೋ ನೋಡಿಕೊಳ್ಳಬೇಕು. ಎಲ್ಲರ ಆರೈಕೆಯೂ ಇವರದೇ. ಇವರನ್ನು ಯಾರು ನೋಡಬೇಕು ಅನ್ನುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಜೊತೆಗೆ ಆ ಮೈಗಳು ಮೊದಲೇ ಸವೆದಿದ್ದವು. ಅಮೆರಿಕದಲ್ಲಿ ವಯಸ್ಕ ಕಪ್ಪು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಪಿ ಇದೆ. ಮಿಶಿಗನ್ ವಿಶ್ವವಿದ್ಯಾಲಯದ ಆರ್ಲೀನ್ ಜೆರೋನಿಮಸ್ 1992ರಲ್ಲೇ ಇದರ ಬಗ್ಗೆ ಒಂದು ವಿವರಣೆ ಕೊಟ್ಟಿದ್ದರು. ಬಿಸಿಲು ಮಳೆಗೆ ಒಡ್ಡಿದ ಬಾಗಿಲು ವರ್ಷ ಕಳೆದ ಹಾಗೆ ಸವೆಯುತ್ತದಲ್ಲ, ಹಾಗೆ ದಿನಾ ಅವಮಾನ, ಭಯ, ಬಡತನಕ್ಕೆ ಒಡ್ಡಿಕೊಂಡ ಮೈ ಬೇಗ ಮುಪ್ಪಾಗುತ್ತದೆ ಅಂತ. ಬರೀ ಬಡವರಿಗೆ ಹೇಳಿದ ಮಾತೂ ಅಲ್ಲ ಇದು. ಓದಿ, ಒಳ್ಳೆಯ ಕೆಲಸದಲ್ಲಿರುವ ಕಪ್ಪು ಹೆಂಗಸರಿಗೂ ಹೆರಿಗೆಯ ಅಪಾಯ ಹೆಚ್ಚೇ ಇದೆ. 2020ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ 55 ಕಪ್ಪು ತಾಯಂದಿರು ಸತ್ತರು. ಬಿಳಿಯರಲ್ಲಿ 19.

ಕೊರೋನಾ ಬಂದು ಕುಳಿತದ್ದು ಈ ಮೈಯಲ್ಲಿ.

ಒಂದೇ ಬುದ್ಧಿಮಾತು, ಎರಡು ಬಾಯಿ

ಈ ಪ್ರಕರಣದ ಗಂಟು ಇರುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ.

10 ಏಪ್ರಿಲ್ 2020. ಶ್ವೇತಭವನದ ಪತ್ರಿಕಾಗೋಷ್ಠಿ. ಆಗಿನ ಸರ್ಜನ್ ಜನರಲ್, ಅಂದರೆ ಸರ್ಕಾರದ ಪರವಾಗಿ ಜನರಿಗೆ ಆರೋಗ್ಯದ ಸಲಹೆ ಕೊಡುವ ಹಿರಿಯ ವೈದ್ಯ, ಜೆರೋಮ್ ಆಡಮ್ಸ್. ತಾವೂ ಕಪ್ಪು ಸಮುದಾಯದವರೇ. ಅವರು ಕಪ್ಪು ಜನರಿಗೆ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಜನರಿಗೆ ಒಂದು ಮಾತು ಹೇಳಿದರು. ಕುಡಿತ, ತಂಬಾಕು, ಡ್ರಗ್ಸ್ ಬಿಡಿ. ನಿಮಗಾಗಿ ಅಲ್ಲದಿದ್ದರೂ ಮನೆಯ ಅಜ್ಜಿಗಾಗಿ, 'ಬಿಗ್ ಮಾಮಾ'ಗಾಗಿ ಬಿಡಿ. ದೊಡ್ಡ ಗಲಾಟೆಯಾಯಿತು. ಆಡಮ್ಸ್ ತಮ್ಮ ಮನೆಯಲ್ಲಿ ಆಡುವ ಮಾತೇ ಇದು ಅಂತ ಸಮಜಾಯಿಷಿ ಕೊಟ್ಟರು.

ಮಾತಿನಲ್ಲಿ ಸುಳ್ಳೇನಿಲ್ಲ. ಸಿಗರೇಟು ಬಿಟ್ಟರೆ ಒಳ್ಳೆಯದೇ. ಆದರೆ ಅದು ಬಂದ ಜಾಗ ನೋಡಿ. ಮಾಸ್ಕ್ ಇಲ್ಲದೆ ಕೆಲಸಕ್ಕೆ ಕಳಿಸಿದವರ ಬಗ್ಗೆ, ಟೆಸ್ಟ್ ಮಾಡದೆ ವಾಪಸ್ ಕಳಿಸಿದ ಆಸ್ಪತ್ರೆಗಳ ಬಗ್ಗೆ ಒಂದು ಮಾತೂ ಗಟ್ಟಿಯಾಗಿ ಬರದ ವೇದಿಕೆಯಿಂದ ಅದು ಬಂತು. ಕೇಳಿದವರಿಗೆ ಅದು 'ನಿಮ್ಮ ಸಾವಿಗೆ ನಿಮ್ಮ ಚಟವೇ ಕಾರಣ' ಅಂತಲೇ ಕೇಳಿಸಿತು. ನಮ್ಮಲ್ಲೂ ಹೀಗೇ ಅಲ್ವಾ? ಅತ್ತೆ ಹೇಳಿದ 'ಸ್ವಲ್ಪ ರೆಸ್ಟ್ ತಗೋ' ಒಂದು, ಗೆಳತಿ ಹೇಳಿದ 'ಸ್ವಲ್ಪ ರೆಸ್ಟ್ ತಗೋ' ಇನ್ನೊಂದು.

ಗರ್ಲ್‌ಟ್ರೆಕ್ ಹೇಳಿದ್ದೂ ಹೆಚ್ಚು ಕಡಿಮೆ ಅದೇ: ಮೈ ನೋಡಿಕೋ, ನಡಿ, ಬದುಕು. ಆದರೆ ಅಲ್ಲಿ ಬೈಗುಳ ಇರಲಿಲ್ಲ. ನಿನ್ನ ಮೈ ಹಾಳಾಗಿದ್ದರೆ ಅದಕ್ಕೆ ಗುಲಾಮಗಿರಿಯಿಂದ ಶುರುವಾದ ನಾಲ್ಕು ನೂರು ವರ್ಷದ ಕಾರಣ ಇದೆ, ಆ ಕಾರಣವನ್ನೂ ತಿಳಿದುಕೊಳ್ಳೋಣ, ನಡೆಯುತ್ತಲೇ ತಿಳಿದುಕೊಳ್ಳೋಣ ಅಂದರು. ಆರೋಗ್ಯದ ಪಾಠವನ್ನೂ ಚರಿತ್ರೆಯ ಪಾಠವನ್ನೂ ಒಂದೇ ಕರೆಯಲ್ಲಿ ಕಟ್ಟಿದ್ದು ಅದಕ್ಕೇ.

ರಸ್ತೆ ಯಾರದು

ಇನ್ನು ನಡಿಗೆಯ ವಿಷಯ. ಆ ವರ್ಷ ಕಪ್ಪು ಜನರಿಗೆ ಬೀದಿಯಲ್ಲಿ ಸುಮ್ನೆ ಓಡಾಡುವುದೂ ಸಲೀಸಾಗಿರಲಿಲ್ಲ.

23 ಫೆಬ್ರುವರಿ 2020. ಜಾರ್ಜಿಯಾದ ಬ್ರನ್ಸ್‌ವಿಕ್ ಹತ್ತಿರ 25 ವರ್ಷದ ಅಹ್ಮಾಡ್ ಆರ್ಬರಿ ಓಡುತ್ತಿದ್ದ. ಮೂವರು ಬಿಳಿಯರು ಗಾಡಿಗಳಲ್ಲಿ ಬೆನ್ನಟ್ಟಿದರು, ಗುಂಡು ಹೊಡೆದು ಕೊಂದರು. ವಿಡಿಯೊ ಹೊರಬಂದದ್ದು ಮೇ ತಿಂಗಳಲ್ಲಿ. 13 ಮಾರ್ಚ್, ಮಧ್ಯರಾತ್ರಿ ದಾಟಿತ್ತು. ಲೂಯಿವಿಲ್‌ನಲ್ಲಿ 26 ವರ್ಷದ ಬ್ರಿಯಾನಾ ಟೇಲರ್ ತನ್ನ ಮನೆಯಲ್ಲಿ ಮಲಗಿದ್ದಳು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಪೊಲೀಸರು ಬಾಗಿಲು ಒಡೆದು ಒಳಬಂದರು, ಅವರ ಗುಂಡಿಗೆ ಸತ್ತಳು. 25 ಮೇ, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಪೊಲೀಸನ ಮೊಣಕಾಲು.

ಓಡಿದರೆ ಸಾವು, ಮಲಗಿದರೆ ಸಾವು. ಬೂಟ್‌ಕ್ಯಾಂಪ್ ಶುರುವಾದದ್ದು ಫ್ಲಾಯ್ಡ್ ಕೊಲೆಯಾದ ಕೆಲವೇ ದಿನಗಳಲ್ಲಿ. ಊರೂರಲ್ಲಿ ಪ್ರತಿಭಟನೆ, ಕರ್ಫ್ಯೂ. ಅಂಥ ಹೊತ್ತಿನಲ್ಲಿ ಒಬ್ಬ ಕಪ್ಪು ಹೆಂಗಸು ತನ್ನದೇ ಬೀದಿಯಲ್ಲಿ, ಅವಸರವಿಲ್ಲದೆ, ತಲೆ ಎತ್ತಿ ನಡೆಯುವುದು ಸಣ್ಣ ಮಾತಲ್ಲ. ಗರ್ಲ್‌ಟ್ರೆಕ್ ಮೊದಲಿನಿಂದಲೂ ಹೇಳಿಕೊಂಡು ಬಂದ ಮೂರು ಉದ್ದೇಶಗಳಲ್ಲಿ ಒಂದು ಇದೇ: ನಮ್ಮ ಕೇರಿಯ ಬೀದಿಗಳನ್ನು ಮತ್ತೆ ನಮ್ಮದಾಗಿಸಿಕೊಳ್ಳುವುದು. ಇನ್ನೆರಡು, ಮೈಯನ್ನು ಗುಣಪಡಿಸಿಕೊಳ್ಳುವುದು ಮತ್ತು ಹೆಣ್ಣುಮಕ್ಕಳಿಗೆ ದಾರಿ ತೋರುವುದು.

ನಡಿಗೆ ಅವರಿಗೆ ಹೊಸದೂ ಅಲ್ಲ. ಗರ್ಲ್‌ಟ್ರೆಕ್‌ನವರ ಮನೆದೇವರು ಅಂದರೆ ಹ್ಯಾರಿಯೆಟ್ ಟಬ್‌ಮನ್. 1849ರಲ್ಲಿ ಮೇರಿಲ್ಯಾಂಡ್‌ನ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ರಾತ್ರಿ ಹೊತ್ತು ನಡೆದು, ಫಿಲಡೆಲ್ಫಿಯಾ ಸೇರಿದವರು. ಅಲ್ಲಿಗೇ ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ವಾಪಸ್ ಹೋಗಿ ಸುಮಾರು 70 ಜನರನ್ನು ಕರೆತಂದರು. 2018ರಲ್ಲಿ ಗರ್ಲ್‌ಟ್ರೆಕ್‌ನ ಹೆಂಗಸರ ಒಂದು ತಂಡ ಅದೇ ನೆಲದಲ್ಲಿ ನೂರು ಮೈಲಿ ನಡೆದಿತ್ತು.

ಇನ್ನೊಂದು ನಡಿಗೆ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದ್ದು. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ, 1955ರ ಡಿಸೆಂಬರ್‌ನಿಂದ 381 ದಿನ ಅಲ್ಲಿನ ಕಪ್ಪು ಜನ ಸಿಟಿ ಬಸ್ ಹತ್ತಲಿಲ್ಲ. ಬಸ್ಸಿನಲ್ಲಿ ಹೆಚ್ಚು ಓಡಾಡುತ್ತಿದ್ದವರು ಬಿಳಿಯರ ಮನೆಯಲ್ಲಿ ಅಡುಗೆ, ಬಟ್ಟೆ, ಮಕ್ಕಳ ಕೆಲಸ ಮಾಡುವ ಹೆಂಗಸರು. ಹಾಗಾಗಿ ನಡೆದವರಲ್ಲೂ ಅವರೇ ಹೆಚ್ಚು. ಮದರ್ ಪೊಲಾರ್ಡ್ ಅಂತ ಕರೆಯುತ್ತಿದ್ದ ಒಬ್ಬ ವಯಸ್ಸಾದ ಹೆಂಗಸನ್ನು, ಸುಸ್ತಾಗಲಿಲ್ಲವಾ ಅಂತ ಕೇಳಿದರಂತೆ. ಕಾಲು ದಣಿದಿದೆ, ಜೀವ ಹಗುರಾಗಿದೆ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ. ಈ ಇಡೀ ಬರಹದಲ್ಲಿ ನಾನು ಹೇಳಲು ಒದ್ದಾಡುತ್ತಿರುವುದನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾರೆ.

ಅಂದ ಹಾಗೆ, ಬಿಳಿಯನಿಗೆ ಬಸ್ಸಿನ ಸೀಟು ಬಿಡಲೊಪ್ಪದೆ ಅದೇ ಚಳವಳಿಗೆ ಕಿಡಿ ಹೊತ್ತಿಸಿದ ರೋಸಾ ಪಾರ್ಕ್ಸ್ ಮುಂದೆ ಯೋಗ ಮಾಡುತ್ತಿದ್ದರು. 1973ರಲ್ಲಿ ತೆಗೆದ ಒಂದು ಫೋಟೊ ಇದೆ. ಅರವತ್ತು ದಾಟಿದ ಹೆಂಗಸು, ಆಸನ ಹಾಕಿಕೊಂಡು, ಕ್ಯಾಮೆರಾದ ಗೊಡವೆಯೇ ಇಲ್ಲದ ಮುಖ. ನಮ್ಮ ಶಾಲೆಯ ಪಾಠದಲ್ಲಿ ಪಾರ್ಕ್ಸ್ ಯಾವಾಗಲೂ ಬಸ್ಸಿನ ಸೀಟಿನಲ್ಲೇ ಕೂತಿರುತ್ತಾರೆ.

ನಾನು ಯಾರ ಮಗಳು

ಬೂಟ್‌ಕ್ಯಾಂಪ್‌ಗೆ ಮೊದಲು, ಮೇ 2020ರಲ್ಲಿ, ತಾಯಂದಿರ ದಿನದ ಹೊತ್ತಿಗೆ ಗರ್ಲ್‌ಟ್ರೆಕ್ ಇನ್ನೊಂದು ಕೆಲಸ ಮಾಡಿತ್ತು. 'ಡಾಟರ್ಸ್ ಆಫ್' ಅನ್ನುವ ಅಭಿಯಾನ. ಕವಿ ನಿಕ್ಕಿ ಜೊವಾನಿ ಮತ್ತು ಹೋರಾಟಗಾರ್ತಿ ಆಂಜೆಲಾ ಡೇವಿಸ್ ಇಬ್ಬರನ್ನೂ ಆನ್‌ಲೈನ್‌ನಲ್ಲಿ ಎದುರುಬದುರು ಕೂರಿಸಿ ಮಾತಾಡಿಸಿದರು. ಹೆಂಗಸರಿಗೆ ಕೇಳಿದ್ದು ಒಂದೇ: ನಿಮ್ಮ ತಾಯಿಯ ಕಡೆಯ ಸಾಲನ್ನು ಹೆಸರು ಹಿಡಿದು ಹೇಳಿ. ನಾನು ಇಂಥವಳ ಮಗಳು, ಆಕೆ ಇಂಥವಳ ಮಗಳು.

ಕೇಳುವುದಕ್ಕೆ ಸುಲಭ. ಕಪ್ಪು ಅಮೆರಿಕನ್ನರಿಗೆ ಸುಲಭವಲ್ಲ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿದೆ. ಗುಲಾಮರದು ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಬಿಡುಗಡೆಯಾದವರೆಲ್ಲ ಹೆಸರು ಸಮೇತ ದಾಖಲಾದದ್ದು 1870ರಲ್ಲಿ. ವಂಶ ಹುಡುಕುವವರು ಅಲ್ಲಿಗೆ ಬಂದು ಗೋಡೆಗೆ ತಲೆ ಹೊಡೆದುಕೊಳ್ಳುತ್ತಾರೆ.

ಇನ್ನೊಂದು ಸಂಗತಿ ಇದೆ, ಅದನ್ನು ಓದಿದ ಮೇಲೆ ನನಗೆ ಈ ಅಭಿಯಾನದ ತೂಕ ತಿಳಿಯಿತು. 1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಅನ್ನುವುದು ತಾಯಿಯ ಸ್ಥಿತಿಯ ಮೇಲೆ ನಿಂತಿದೆ ಅಂತ. ಇಂಗ್ಲಿಷರ ವಾಡಿಕೆಯಲ್ಲಿ ಮಗುವಿನ ಗುರುತು ತಂದೆಯಿಂದ ಬರುತ್ತಿತ್ತು. ಅದನ್ನು ಬೇಕೆಂದೇ ತಿರುಗಿಸಿದರು. ಮಾಲೀಕನೇ ತಂದೆಯಾದರೂ ಮಗು ಗುಲಾಮ, ಮಾಲೀಕನ ಸ್ವತ್ತು. ಅಂದರೆ ತಾಯಿಯ ಸಾಲನ್ನು ಕಾನೂನು ಸಂಕೋಲೆ ಮಾಡಿತ್ತು. 2020ರಲ್ಲಿ ಅದೇ ಸಾಲನ್ನು ಈ ಹೆಂಗಸರು ಬಾಯಿತುಂಬಾ ಹೇಳಿಕೊಂಡರು.

ನಾನೂ ಸುಮ್ನೆ ಒಂದು ಸಲ ಹೇಳಿ ನೋಡಿದೆ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ. ಮೂರನೆಯದಕ್ಕೆ ನಿಂತೆ. ಅಮ್ಮನಿಗೆ ಫೋನ್ ಮಾಡಿದರೆ, "ಎಲ್ಲರೂ ಮುದ್ದಜ್ಜಿ ಅಂತಲೇ ಕರೀತಿದ್ವಿ, ಹೆಸರು ಯಾರು ಕೇಳಿದ್ರು" ಅಂದಳು. ನಮ್ಮದು ಮರೆವು. ಅವರದು ಅಳಿಸಿಹಾಕಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ.

ಫೋನ್ ಯಾಕೆ

2020ರಲ್ಲಿ ಎಲ್ಲವೂ ವಿಡಿಯೊ ಕರೆಯಾಗಿತ್ತು. ಮೀಟಿಂಗು, ಶಾಲೆ, ಮದುವೆ, ತಿಥಿ ಎಲ್ಲ. ಗರ್ಲ್‌ಟ್ರೆಕ್ ಬರೀ ದನಿಯನ್ನು ಆರಿಸಿಕೊಂಡಿತು. ನಡೆಯುತ್ತಾ ಸ್ಕ್ರೀನ್ ನೋಡಲಾಗುವುದಿಲ್ಲ ಅನ್ನುವುದು ಒಂದು. ಆದರೆ ಪರಿಣಾಮ ಅದಕ್ಕಿಂತ ದೊಡ್ಡದಾಗಿತ್ತು ಅಂತ ನನ್ನ ಅಂದಾಜು. ಕ್ಯಾಮೆರಾ ಅಂದರೆ ಕೂದಲು ಸರಿಮಾಡಿಕೊಳ್ಳಬೇಕು, ಹಿಂದಿನ ಗೋಡೆ ಖಾಲಿ ಮಾಡಬೇಕು, ಮುಖದಲ್ಲಿ ದಣಿವು ಕಾಣಬಾರದು. ದನಿಗೆ ಇದ್ಯಾವುದೂ ಬೇಕಿಲ್ಲ. ಅತ್ತರೂ ಯಾರಿಗೂ ಕಾಣುವುದಿಲ್ಲ.

ಸೇರಿಕೊಂಡವರಿಗೆ ದಿನಾ ಒಂದು ಇಮೇಲ್ ಬರುತ್ತಿತ್ತು. ಆ ದಿನದ ಹಿರಿಯಳ ಕತೆ, ಆಕೆಯ ಭಾಷಣವೋ ಪತ್ರವೋ, ಜೊತೆಗೆ ನಡೆಯುತ್ತಾ ಕೇಳಲು ಹಾಡುಗಳ ಪಟ್ಟಿ. ಆಮೇಲೆ ನೇರ ಕರೆ. ಡಿಕ್ಸನ್ ಮತ್ತು ಗ್ಯಾರಿಸನ್ ಮಾತಿಗೆ ಕೂರುತ್ತಿದ್ದರು. ಉಪನ್ಯಾಸದ ಧಾಟಿ ಅಲ್ಲ. ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಾ ಊರ ಹಿರಿಯರ ಸಂಗತಿ ಆಡುವ ಧಾಟಿ. ಕರೆಯ ಧ್ವನಿಮುದ್ರಣವನ್ನು ಆಮೇಲೆ ಪಾಡ್‌ಕಾಸ್ಟ್ ಆಗಿ ಹಾಕಿದರು. ನಾನು ಕೇಳಿದ್ದು ಹಾಗೆ, 2021ರ ಎರಡನೇ ಅಲೆಯಲ್ಲಿ, ಮನೆಯ ಟೆರೇಸ್ ಮೇಲೆ ಸುತ್ತು ಹಾಕುತ್ತಾ. ಆಗ ಕೆಳಗಿನ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಆ ಹಿರಿಯರ ಸಾಲಿನಲ್ಲಿ ಕಪ್ಪು ಕವಿ, ಹೋರಾಟಗಾರ್ತಿ ಆಡ್ರಿ ಲಾರ್ಡ್ ಇದ್ದರು. ಇರಲೇಬೇಕಿತ್ತು.

'ಸ್ವ' ಅನ್ನುವ ತೊಡಕು

ಸೆಲ್ಫ್‌ಕೇರ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುವುದು? ಸ್ವ-ಆರೈಕೆ ಅಂತ ಬರೆಯುತ್ತಾರೆ. ಬಾಯಲ್ಲಿ ಹೇಳಿದರೆ ತೊಡರುತ್ತದೆ. ಯಾಕೆಂದರೆ ನಮ್ಮ ಮಾತಿನಲ್ಲಿ ಆರೈಕೆ ಯಾವಾಗಲೂ ಇನ್ನೊಬ್ಬರು ಮಾಡುವುದು. ಬಾಣಂತಿಯ ಆರೈಕೆ ತವರಿನಲ್ಲಿ ನಡೆಯುತ್ತದೆ. ಕಾಯಿಲೆಯವರ ಆರೈಕೆ ಮನೆಯವರದು. 'ನನ್ನ ಆರೈಕೆ ನಾನೇ ಮಾಡಿಕೊಂಡೆ' ಅಂದರೆ ಅದರಲ್ಲಿ ಹೆಮ್ಮೆಗಿಂತ ಒಂಟಿತನವೇ ಹೆಚ್ಚು ಕೇಳುತ್ತದೆ.

ಇಂಗ್ಲಿಷಿನಲ್ಲಿ ಆ ಪದದ ಗತಿ ಬೇರೆ. ಈಗ ಅದು ಸುವಾಸನೆಯ ಮೇಣದಬತ್ತಿ, ಫೇಸ್ ಮಾಸ್ಕ್, ಸ್ಪಾ ಕೂಪನ್. ಲಾರ್ಡ್ ಅವರ ಮಾತನ್ನು ಕಾಫಿ ಮಗ್ಗಿನ ಮೇಲೂ ಅಚ್ಚು ಹಾಕಿ ಮಾರುತ್ತಾರೆ. ಆ ಮಾತು ಬಂದದ್ದು ಎಲ್ಲಿಂದ ಅಂತ ನೋಡಿದರೆ ಮಗ್ಗು ಕೆಳಗಿಡಬೇಕಾಗುತ್ತದೆ. 1978ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಯಿತು. 1984ರಲ್ಲಿ ಅದು ಯಕೃತ್ತಿಗೆ ಹಬ್ಬಿದ್ದು ಗೊತ್ತಾಯಿತು. 1988ರಲ್ಲಿ ಪ್ರಕಟವಾದ ಬರಹದಲ್ಲಿ ಅವರು ಹೇಳಿದ್ದು: ನನ್ನನ್ನು ನಾನು ನೋಡಿಕೊಳ್ಳುವುದು ಸುಖಲೋಲುಪತೆಯಲ್ಲ, ಉಳಿದುಕೊಳ್ಳುವ ದಾರಿ, ಅದು ರಾಜಕೀಯ ಸಮರವೇ. ಸಾವು ಎದುರಿಗೆ ಕೂತಿದ್ದಾಗ ಬರೆದದ್ದು. 1992ರಲ್ಲಿ ತೀರಿಕೊಂಡರು.

ಲಾರ್ಡ್ ಒಬ್ಬರದೇ ದಾರಿಯೂ ಅಲ್ಲ ಇದು. ಬಿಲ್ಲಿ ಏವರಿ ಅನ್ನುವ ಹೆಂಗಸು ಇದ್ದಾರೆ. ಗಂಡ ಮೂವತ್ತಮೂರನೇ ವಯಸ್ಸಿಗೇ ಹೃದಯಾಘಾತದಿಂದ ಹೋದರು. ಆ ಪೆಟ್ಟು ಅವರನ್ನು ಆರೋಗ್ಯದ ಕೆಲಸಕ್ಕೆ ಎಳೆಯಿತು. 1983ರಲ್ಲಿ ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ ಕಪ್ಪು ಹೆಂಗಸರ ಆರೋಗ್ಯದ ಬಗ್ಗೆ ದೊಡ್ಡ ಸಮ್ಮೇಳನ ನಡೆಸಿದರು. ಸಾವಿರಕ್ಕೂ ಹೆಚ್ಚು ಹೆಂಗಸರು ಬಂದರು. ಅಲ್ಲಿಂದ ಊರೂರಲ್ಲಿ ಸಣ್ಣ ಗುಂಪುಗಳು ಹುಟ್ಟಿದವು. ವೈದ್ಯರಿಲ್ಲ, ಔಷಧಿ ಇಲ್ಲ. ಹತ್ತು ಹೆಂಗಸರು ಸುತ್ತ ಕೂತು ತಮ್ಮ ಬದುಕಿನ ಸತ್ಯ ಹೇಳಿಕೊಳ್ಳುವುದು. ಬಿಪಿ ಅಂತ ಶುರುವಾದ ಮಾತು ಮನೆಯ ಹೊಡೆತ ಬಡಿತಕ್ಕೆ ತಲುಪುತ್ತಿತ್ತು, ಬಾಲ್ಯದ ಗಾಯಕ್ಕೆ ತಲುಪುತ್ತಿತ್ತು. ಅವರೆಲ್ಲ ಎತ್ತಿಕೊಂಡ ಮಾತು ಮಿಸಿಸಿಪ್ಪಿಯ ಹೋರಾಟಗಾರ್ತಿ ಫ್ಯಾನಿ ಲೂ ಹ್ಯಾಮರ್ ಅವರದು: ಸುಸ್ತಾಗಿ ಸುಸ್ತಾಗಿ ನನಗೆ ಸುಸ್ತಾಗಿದೆ. 1961ರಲ್ಲಿ ಗೆಡ್ಡೆ ತೆಗೆಯುತ್ತೇವೆ ಅಂತ ಹೇಳಿ, ಕೇಳದೆಯೇ ಅವರ ಗರ್ಭಕೋಶ ತೆಗೆದಿದ್ದರು.

ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದರೆ ಬೂಟ್‌ಕ್ಯಾಂಪ್ ಹೊಸದೇನಲ್ಲ. ಏವರಿಯವರ ಆ ಸುತ್ತು ಕೂಟವೇ ಎದ್ದು ನಿಂತು ನಡೆದ ಹಾಗೆ. ಅದು ಕೆಲಸ ಮಾಡಿದ್ದು ಒಂಟಿಯಾಗಿ ಮಾಡಲು ಬಿಡದ್ದರಿಂದ. ನಡೆಯುವವಳು ಒಬ್ಬಳೇ. ಆದರೆ ಕಿವಿಯಲ್ಲಿ ಇಬ್ಬರು ಗೆಳತಿಯರು, ಬೇರೆ ಬೇರೆ ಊರಲ್ಲಿ ಅದೇ ಹೊತ್ತಿಗೆ ನಡೆಯುತ್ತಿರುವ ಸಾವಿರಾರು ಜನ, ಹಿಂದೆ ಹ್ಯಾರಿಯೆಟ್. ನಮ್ಮ 'ಆರೈಕೆ'ಗೆ ಇದು ಹತ್ತಿರ. 'ಸ್ವ' ಇಲ್ಲದಿದ್ದರೂ ನಡೆಯುತ್ತದೆ.

ಇದೇ ಹೊತ್ತಿನಲ್ಲಿ ಅಟ್ಲಾಂಟಾದಲ್ಲಿ ಇನ್ನೊಬ್ಬರು ಪೂರ್ತಿ ಎದುರು ದಿಕ್ಕಿನಿಂದ ಬರುತ್ತಿದ್ದರು. ಟ್ರಿಶಾ ಹರ್ಸಿ 2016ರಲ್ಲಿ ಶುರುಮಾಡಿದ ನ್ಯಾಪ್ ಮಿನಿಸ್ಟ್ರಿ. ಎದ್ದು ನಡೆಯಿರಿ ಅನ್ನುವುದಿಲ್ಲ ಆಕೆ. ಮಲಗಿ ಅನ್ನುತ್ತಾರೆ. ತೋಟಗಳಲ್ಲಿ ಗುಲಾಮರನ್ನು ನಿದ್ದೆಗೆಡಿಸಿ ದುಡಿಸಿದ ದಾಖಲೆಗಳನ್ನು ಓದಿ, ನಮ್ಮ ಹಿರಿಯರಿಂದ ಕದ್ದ ನಿದ್ದೆಯನ್ನು ನಾವು ವಾಪಸ್ ತಗೊಳ್ಳಬೇಕು ಅನ್ನುವ ವಾದ. ಹಗಲು ಮಲಗಿದರೆ ಮನೆಗೆ ದರಿದ್ರ ಅಂತ ಕೇಳಿ ಬೆಳೆದ ನನಗೆ ಇದು ವಾಕಿಂಗಿಗಿಂತ ಕಷ್ಟದ ಪಾಠ. ಬ್ರಿಯಾನಾ ಟೇಲರ್ ನೆನಪಾದಾಗಲೆಲ್ಲ ಮಾತ್ರ ಅದು ತಮಾಷೆಯಾಗಿ ಉಳಿಯುವುದಿಲ್ಲ.

ನಡಿಗೆ ತಲುಪದ ಜಾಗ

ಈಗ ಇನ್ನೊಂದು ಮಗ್ಗುಲು. ಇದನ್ನು ಹೇಳದಿದ್ದರೆ ಪ್ರಕರಣ ಅರ್ಧವೇ.

ಡಾ. ಸೂಸನ್ ಮೂರ್ ಇಂಡಿಯಾನಾದಲ್ಲಿ ವೈದ್ಯೆ. 52 ವರ್ಷ. 2020ರ ಕೊನೆಯಲ್ಲಿ ಕೊರೋನಾ ಆಗಿ ಆಸ್ಪತ್ರೆ ಸೇರಿದರು. ಡಿಸೆಂಬರ್ 4ರಂದು ಹಾಸಿಗೆಯಿಂದಲೇ ಒಂದು ವಿಡಿಯೊ ಹಾಕಿದರು. ನೋವಿದೆ ಅಂದರೆ ನಂಬುತ್ತಿಲ್ಲ, ಮನೆಗೆ ಕಳಿಸಲು ನೋಡುತ್ತಿದ್ದಾರೆ, ನಾನು ಬಿಳಿಯಳಾಗಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಉಸಿರು ಕಟ್ಟಿಕೊಂಡು ಹೇಳಿದರು. ಡಿಸೆಂಬರ್ 20ರಂದು ತೀರಿಕೊಂಡರು. ತನಗೆ ಏನು ಬೇಕು ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಔಷಧಿಯ ಹೆಸರು ಗೊತ್ತಿತ್ತು, ಸ್ಕ್ಯಾನ್ ಓದಲು ಬರುತ್ತಿತ್ತು. ತನ್ನ ಪರವಾಗಿ ಜಗಳವನ್ನೂ ಆಡಿದರು. ಅಷ್ಟಿದ್ದೂ ಆಗಲಿಲ್ಲ.

ದಿನಾ 30 ನಿಮಿಷ ನಡೆದರೆ ಬಿಪಿ ಇಳಿಯುತ್ತದೆ. ನರ್ಸ್ ನಂಬುವ ಹಾಗೆ ಮಾಡಲು ಆ ನಡಿಗೆಗೆ ಆಗುವುದಿಲ್ಲ. ಗರ್ಲ್‌ಟ್ರೆಕ್‌ನಂಥ ಕೆಲಸಕ್ಕೆ ನನ್ನ ಮೊದಲ ತಕರಾರು ಇದೇ. ಜನ ತಮ್ಮ ಪಾಡು ತಾವು ನೋಡಿಕೊಂಡರು ಅಂತ ಆಸ್ಪತ್ರೆ, ಸರ್ಕಾರ ಕೈತೊಳೆದುಕೊಳ್ಳಲು ಇದು ಸುಲಭದ ನೆವ ಆಗಬಹುದು. ಎರಡನೆಯದು, 'ಕಪ್ಪು ಹೆಂಗಸು ಗಟ್ಟಿಗಿತ್ತಿ, ಏನು ಬಂದರೂ ತಡೆದುಕೊಳ್ಳುತ್ತಾಳೆ' ಅನ್ನುವ ಹಳೆಯ ಹೊಗಳಿಕೆ. ಸೂಪರ್‌ಹೀರೊ ಬಣ್ಣ ಅಂತ ಗರ್ಲ್‌ಟ್ರೆಕ್‌ನವರು ನೀಲಿ ಟೀಶರ್ಟ್ ಹಾಕುತ್ತಾರೆ. ನನಗೆ ಆ ಸೂಪರ್‌ಹೀರೊ ಅನ್ನುವ ಪದ ಅಷ್ಟು ಇಷ್ಟವಾಗಲಿಲ್ಲ. ಗಟ್ಟಿಗಿತ್ತಿ ಅಂದಷ್ಟೂ ಹೊರೆ ಹೆಚ್ಚು ಹೇರುತ್ತಾರೆ, ನಮ್ಮ ಮನೆಗಳಲ್ಲಿ ನೋಡಿಲ್ಲವೇ. ಮೂರನೆಯದು ಸಮಯ. ಬೆಳಗಿನ ಜಾವ ಬಸ್ ಹಿಡಿದು ಎರಡು ಶಿಫ್ಟ್ ಮಾಡುವವಳಿಗೆ 30 ನಿಮಿಷ ಅಂದರೆ ನಿದ್ದೆಯಿಂದ ಕತ್ತರಿಸಿದ 30 ನಿಮಿಷ.

ಗರ್ಲ್‌ಟ್ರೆಕ್‌ನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಅವರು ತೂಕ ಎಷ್ಟು ಇಳಿಯಿತು ಅಂತ ಡಂಗುರ ಸಾರುವುದಿಲ್ಲ. ಎಷ್ಟು ಜನ ನಡೆದರು, ಎಷ್ಟು ಊರಲ್ಲಿ ನಡೆದರು ಅಂತ ಹೇಳುತ್ತಾರೆ. ಹತ್ತು ಲಕ್ಷದ ಗುರಿ ದಾಟಿದೆವು ಅಂತಲೂ ಹೇಳಿಕೊಂಡರು. 21 ದಿನ ಮುಗಿದ ಮೇಲೆ ಬೂಟ್‌ಕ್ಯಾಂಪ್ ನಿಲ್ಲಲಿಲ್ಲ. ಹೊಸ ಸರಣಿಗಳು ಬಂದವು, ಹೊಸ ಹಿರಿಯರು ಬಂದರು.

ಮಾಂಟ್‌ಗೊಮರಿಯ ಒಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. 1840ರ ದಶಕದಲ್ಲಿ ಅಲ್ಲಿ ಜೆ. ಮರಿಯನ್ ಸಿಮ್ಸ್ ಅನ್ನುವ ವೈದ್ಯನಿದ್ದ. ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಕಲಿತ. ಒಬ್ಬಳ ಮೇಲೆ ಸುಮಾರು 30 ಸಲ. ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಹೆಸರು ಪಡೆದ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಅವನ ವಿಗ್ರಹವಿತ್ತು, 2018ರಲ್ಲಿ ತೆಗೆದರು. ಸೆಪ್ಟೆಂಬರ್ 2021ರಲ್ಲಿ, ಕೊರೋನಾ ಇನ್ನೂ ಹೋಗದಿದ್ದಾಗ, ಮಿಶೆಲ್ ಬ್ರೌಡರ್ ಅನ್ನುವ ಕಲಾವಿದೆ ಮಾಂಟ್‌ಗೊಮರಿಯಲ್ಲಿ ಆ ಹೆಂಗಸರ ಮೂರು ಪ್ರತಿಮೆ ನಿಲ್ಲಿಸಿದರು. ಗುಜರಿ ಲೋಹ ಬೆಸೆದು ಮಾಡಿದ್ದು. ಮೂವರಿಗೂ ಹೆಸರಿದೆ: ಅನಾರ್ಕಾ, ಲೂಸಿ, ಬೆಟ್ಸಿ.